ಮಂದಿ ಹೆಸರಿನ ಹಲ್ಲು

ಕಸ್ತೂರಿಬಾಯಿಯ ಬಲಗಡೆ ಕೆಳದವಡೆಯ ಹಲ್ಲು ಹನ್ನೊಂದು ದಿನದಿಂದ ನೋಯುತ್ತಿತ್ತು. ಕೂಲಿ ಮಾಡುವವರಿಗೆ ನೋವು ಬಂದರೆ ಬೇರೆ ಎಲ್ಲಾದರೂ ಬರಬೇಕು. ಕಾಲು ನೊಂದರೆ ಕುಂಟುತ್ತ ಕಬ್ಬು ಕಡಿಯಬಹುದು. ಸೊಂಟ ಹಿಡಿದರೆ ಸೆರಗು ಬಿಗಿದು ಕಟ್ಟಿಕೊಂಡು ನಡೆಯಬಹುದು. ಹಲ್ಲು ನೊಂದರೆ ತಲೆಯ ಮೇಲೆ ಹೊರೆ ಇಡಲಾಗುವುದಿಲ್ಲ. ಇಟ್ಟ ಹೊರೆಯ ಭಾರವೆಲ್ಲ ನೇರ ಹಲ್ಲಿನ ಬೇರಿಗೆ ಇಳಿಯುತ್ತದೆ. ಕಸ್ತೂರಿಬಾಯಿ ಹನ್ನೊಂದು ದಿನ ಹಾಗೆಯೇ ಹೊತ್ತಿದ್ದಳು.

ಹೊರದೆ ಗತಿ ಇರಲಿಲ್ಲ. ಜೇವರ್ಗಿ ತಾಲೂಕಿನ ಕೊಳಕೂರಿನಿಂದ ಕಬ್ಬು ಕಡಿಯಲು ಕರಜಗಿಗೆ ಬಂದ ಆ ಗ್ಯಾಂಗಿನಲ್ಲಿ ಹದಿನಾಲ್ಕು ಕೊಯ್ತಾ ಇದ್ದವು. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಆದರೆ ಗ್ಯಾಂಗು ನಡೆಸುವ ಮುಕಾದಮನ ಬಾಯಲ್ಲಿ ಕೊಯ್ತಾ ಎಂದರೆ ಗಂಡ ಹೆಂಡತಿ ಇಬ್ಬರೂ ಕೂಡಿ ಒಂದು. ಗಂಡ ಬುಡಕ್ಕೆ ಕಡಿಯಬೇಕು. ಹೆಂಡತಿ ತುದಿ ಸವರಿ, ಒಣಗಿದ ಗರಿಯ ರವದಿ ಸುಲಿದು, ಹೊರೆ ಕಟ್ಟಿ, ಹೊತ್ತು ಟ್ರ್ಯಾಕ್ಟರಿಗೆ ಏರಿಸಬೇಕು. ಒಬ್ಬರು ಮಲಗಿದರೆ ಇಬ್ಬರೂ ಗೈರುಹಾಜರು. ಕೂಲಿ ಹೋಗುವುದಲ್ಲದೆ ಮೇಲೆ ದಂಡ ಬೇರೆ. ಆ ದಂಡಕ್ಕೆ ಖಾಡಾ ಎನ್ನುತ್ತಾರೆ. ಜ್ವರಕ್ಕೂ ಖಾಡಾ, ಹೆರಿಗೆಗೂ ಖಾಡಾ. ಮುಟ್ಟಾದ ಹೆಂಗಸು ಒಂದು ದಿನ ಜೋಪಡಿಯಲ್ಲಿ ಅಡ್ಡಾದರೆ ಅದಕ್ಕೂ ಖಾಡಾ. ಹಾಗಿರುವಾಗ ಹಲ್ಲಿನದೇನು ದೊಡ್ಡ ಮಾತು.

ಮೊದಲು ಮಿಶ್ರಿ ಒತ್ತಿದಳು. ಸುಟ್ಟ ತಂಬಾಕಿನ ಆ ಕರಿ ಪುಡಿ ಅವಳಿಗೆ ಹನ್ನೆರಡನೆಯ ವಯಸ್ಸಿನಿಂದ ರೂಢಿ. ಹಸಿವಾದರೂ ಅದೇ, ದಣಿವಾದರೂ ಅದೇ. ಆಮೇಲೆ ಲವಂಗ ಕಚ್ಚಿದಳು. ಇಂಗು ತುಂಬಿದಳು. ಆರನೆಯ ದಿನ ಕೆನ್ನೆ ಬಾತು ಬಲಗಣ್ಣು ಸಣ್ಣದಾಯಿತು. ಸರ್ಕಾರಿ ದವಾಖಾನೆಗೆ ಹಲ್ಲಿನ ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಆ ದಿನ ಹೋಗಿ ಸಾಲಿನಲ್ಲಿ ನಿಂತಳು. ಪಾಳಿ ಬರುವ ಹೊತ್ತಿಗೆ ಡಾಕ್ಟರು ಎದ್ದು ಹೋದರು. ಒಂದು ದಿನದ ಖಾಡಾ ಬಿತ್ತು, ಹಲ್ಲು ಬಾಯಲ್ಲೇ ಉಳಿಯಿತು.

ಎಂಟನೆಯ ದಿನ ಗಂಡ ಚಂದ್ರಾಮ ಅವಳನ್ನು ಅಫಜಲಪುರದ ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದ. ಎಕ್ಸರೇ, ಸೂಜಿ, ಕೀಳುವುದು, ಗುಳಿಗೆ ಎಲ್ಲ ಕೂಡಿ ಸಾವಿರದ ಎಂಟುನೂರು ಎಂದರು. ಚಂದ್ರಾಮ ಪ್ಲಾಸ್ಟಿಕ್ ಚೀಲದಿಂದ ಸರ್ಕಾರ ಕೊಟ್ಟ ಆರೋಗ್ಯದ ಕಾರ್ಡು ತೆಗೆದು ಮುಂದಿಟ್ಟ.

"ಇದು ಹಲ್ಲಿಗೆ ನಡೆಯಂಗಿಲ್ಲ. ದೊಡ್ಡ ದವಾಖಾನ್ಯಾಗ ಮಲಗಿಸ್ಕೊಂಡ್ರ ನಡೀತದ," ಎಂದ ಕೌಂಟರಿನವನು.

"ಹಂಗಾರ ಮಲಗಿಸ್ಕೋರಿ," ಎಂದ ಚಂದ್ರಾಮ.

ಅಲ್ಲಿದ್ದವರೆಲ್ಲ ನಕ್ಕರು. ಚಂದ್ರಾಮ ತಮಾಷೆಗೆ ಹೇಳಿರಲಿಲ್ಲ. ಗಂಡ ಹೆಂಡತಿ ಮೆಟ್ಟಿಲಿಳಿದು ವಾಪಸು ಬಂದರು.

ಇನ್ನೊಂದು ಕಾರ್ಡಿನ ಮಾತು ಎತ್ತಿದವಳು ಮಹಾನಂದಾ. ಅವರು ಕಡಿಯುತ್ತಿದ್ದ ಹೊಲದ ಗೌಡರ ಹೆಂಡತಿ. ಗಂಡ ದೌಲತರಾಯನಿಗೆ ಹೊಲವೂ ಇತ್ತು, ಸಕ್ಕರೆ ಕಾರ್ಖಾನೆಯ ತೂಕದ ಕಾಟಾದ ಮೇಲೆ ಪರ್ಮನೆಂಟ್ ನೌಕರಿಯೂ ಇತ್ತು. ಕಾರ್ಖಾನೆಯ ಗೇಟಿನೊಳಗೆ ಒಂದು ದವಾಖಾನೆ. ಪರ್ಮನೆಂಟ್ ನೌಕರರಿಗೆ, ಅವರ ಹೆಂಡಿರು ಮಕ್ಕಳಿಗೆ ಕಾರ್ಡು ತೋರಿಸಿದರೆ ಅಲ್ಲಿ ಎಲ್ಲ ಪುಕ್ಕಟೆ. ಕಬ್ಬು ಕಡಿಯುವವರು ಕಾರ್ಖಾನೆಯ ನೌಕರರಲ್ಲ. ಅವರು ಮುಕಾದಮನ ಜನ. ಮುಕಾದಮ ಯಾರ ಜನ ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ಇವರು ಕಡಿಯದಿದ್ದರೆ ಕಾರ್ಖಾನೆಯಿಂದ ಒಂದು ಹಿಡಿ ಸಕ್ಕರೆ ಹೊರಬೀಳುವುದಿಲ್ಲ, ಅದು ಎಲ್ಲರಿಗೂ ಗೊತ್ತು, ಯಾರೂ ಬರೆದುಕೊಟ್ಟಿಲ್ಲ.

ಬುಧವಾರ ಸಂಜೆ ಮಹಾನಂದಾ ಕಸ್ತೂರಿಬಾಯಿಯನ್ನು ಮನೆಯ ಹಿತ್ತಿಲಿಗೆ ಕರೆಸಿದಳು. ತಾನು ಕಟ್ಟೆಯ ಮೇಲೆ ನಿಂತು, ಅವಳನ್ನು ಕೆಳಗೆ ನಿಲ್ಲಿಸಿ ಮಾತಾಡಿದಳು.

"ಮಾರಿ ಎಷ್ಟು ಬಾತದ ಬೇ ಕಸ್ತೂರಿ. ನೋಡಾಕಾಗವಲ್ದು. ನಾಳಿ ಕಾರ್ಖಾನಿ ದವಾಖಾನಿಗಿ ಕಲಬುರ್ಗಿಯಿಂದ ಹಲ್ಲಿನ ಡಾಕ್ಟರ್ ಬರ್ತಾಳ. ನಮ್ಮ ಕಾರ್ಡ್ ಒಯ್ಯಿ. ಅದರಾಗ ನನ್ನ ಹೆಸರದ, ಫೋಟೊ ಇಲ್ಲ. ನಾ ಒಂದಿನಾನೂ ಅಲ್ಲಿ ಹೋಗಿಲ್ಲ. ಮೈಯಾಗ ಹುಷಾರಿಲ್ಲಂದ್ರ ನಾವು ಸೊಲ್ಲಾಪುರಕ್ಕ ಹೋಗ್ತೇವಿ."

"ನಿಮ್ಮ ಹೆಸರು ನಾ ಹೆಂಗ ಹೇಳ್ಲಿ ಅಕ್ಕಾರ?"

"ಹೇಳಬ್ಯಾಡ. ಬಾಯಿ ಬಾತಾಕಿಗಿ ಮಾತಾಡು ಅಂತ ಯಾರಂತಾರ? ಕಾರ್ಡ್ ತೋರ್ಸಿ ಸುಮ್ಮ ಕೂಡು. ಕಬ್ಬು ಹೂ ಬಿಟ್ಟಾವ, ತೂಕ ಇಳೀತದ, ಎಂಟ್ ದಿನದಾಗ ಹೊಲ ಖಾಲಿ ಆಗಬೇಕು. ನೀ ಮಲಗಿದ್ರ ಹೆಂಗ?"

ಹಾಗೆ ಹೇಳಿ ಒಂದು ಹಸಿರು ಸೀರೆಯನ್ನೂ ಕಾರ್ಡನ್ನೂ ಮೇಲಿಂದ ಬಿಟ್ಟಳು. ಕಸ್ತೂರಿಬಾಯಿ ಸೆರಗು ಒಡ್ಡಿ ಹಿಡಿದುಕೊಂಡಳು.

"ಇದನ್ನ ಉಟ್ಕೊ. ಹಣಿಗಿ ದೊಡ್ಡದು ಕುಂಕುಮ ಹಚ್ಕೊ. ನಿಮ್ಮ ಮಂದಿಗಿ ಯಾರಿಗೂ ಹೇಳಬ್ಯಾಡ. ಸೀರಿ ವಾಪಸ್ ಬ್ಯಾಡ, ನೀನೇ ಇಟ್ಕೊ."

ಉಟ್ಟ ಸೀರೆ ಯಾಕೆ ವಾಪಸು ಬೇಡ ಎಂಬುದು ಕಸ್ತೂರಿಬಾಯಿಗೆ ಗೊತ್ತು. ಓದುವವರಿಗೂ ಗೊತ್ತಿರಬೇಕು. ಗೊತ್ತಿಲ್ಲದವರು ಅಕ್ಕಪಕ್ಕದವರನ್ನು ಕೇಳಿಕೊಳ್ಳಲಿ.

ಮರುದಿನ ಬೆಳಿಗ್ಗೆ ಸಾಬಮ್ಮನಿಗೆ ಸುಳ್ಳು ಹೇಳಿದಳು. ಸಾಬಮ್ಮ ಒಂದೇ ಓಣಿಯವಳು, ಪಕ್ಕದ ಜೋಪಡಿಯವಳು. ಗಂಡ ಸತ್ತ ಮೇಲೆ ಅಣ್ಣ ಮಾಳಿಂಗನ ಜೋಡಿ ಕೂಡಿ ಒಂದು ಕೊಯ್ತಾ ಆಗಿದ್ದಳು.

"ಸರ್ಕಾರಿ ದವಾಖಾನಿಗಿ ಹೋಗ್ತೇನಿ ಸಾಬಿ."

"ಹೋಗು. ಮುಕಾದಮ ಕೇಳಿದ್ರ ಹೊಲದಾಗs ಅದಾಳ ಅಂತೇನಿ. ನಿನ್ನ ಪಾಲಿಂದು ನಾ ಸವರ್ತೇನಿ, ನಾನs ಹೊರಿ ಕಟ್ತೇನಿ. ಖಾಡಾ ಬೀಳೂದಿಲ್ಲ. ನೀ ಆ ಹಲ್ಲು ಮೊದಲ ತೆಗೆಸ್ಕೊಂಡು ಬಾ, ರಾತ್ರಿ ನರಳಿ ನರಳಿ ನನಗೂ ನಿದ್ದಿ ಇಲ್ಲ."

ಇಬ್ಬರು ಹೆಂಗಸರ ಕೆಲಸವನ್ನು ಒಬ್ಬಳೇ ಮಾಡುತ್ತೇನೆ ಎಂದು ಸಾಬಮ್ಮ ಕೊಯ್ತಾ ಹಿಡಿದು ಹೋದಳು. ಕಸ್ತೂರಿಬಾಯಿ ಜಾಲಿ ಗಿಡಗಳ ಮರೆಗೆ ಹೋಗಿ ಹಸಿರು ಸೀರೆ ಉಟ್ಟಳು. ಕುಂಕುಮ ಹಚ್ಚಿಕೊಂಡಳು. ಮುಂಗೈ ಕಾಣದಂತೆ ಸೆರಗು ಇಳಿಬಿಟ್ಟಳು. ಸಾಬಮ್ಮನಿಗೆ ನಿಜ ಹೇಳಿದ್ದರೂ ಅವಳು ಯಾರಿಗೂ ಹೇಳುತ್ತಿರಲಿಲ್ಲ ಎಂದು ಗೊತ್ತಿತ್ತು. ಹೇಳಲು ನಾಚಿಕೆಯಾಗಿತ್ತು, ಅಷ್ಟೇ.

ದವಾಖಾನೆಯ ಬಾಗಿಲಲ್ಲಿ ಕಂಪೌಂಡರ್ ಸೈದಪ್ಪ ಕೂತಿದ್ದ. ಕಸ್ತೂರಿಬಾಯಿ ಮೆಟ್ಟಿಲ ಕೆಳಗೇ ನಿಂತು ಕೈಚಾಚಿ ಕಾರ್ಡು ಕೊಟ್ಟಳು. ಸೈದಪ್ಪ ಹೆಸರು ಓದಿ ಎದ್ದು ನಿಂತ.

"ದೌಲತರಾಯರ ಮನಿಯವ್ರಾ? ಬರ್ರಿ ಅಕ್ಕಾರ, ಒಳಗ ಬರ್ರಿ. ಹೊರಗ್ಯಾಕ ನಿಂತೀರಿ?"

ಅವಳಿಗೆ ಕುರ್ಚಿ ಹಾಕಿದ. ಪಕ್ಕದ ಕುರ್ಚಿಯ ಹೆಂಗಸು ಸರಿದು ಜಾಗ ಮಾಡಿಕೊಟ್ಟು, "ಭಾಳ ಬಾತದ್ರಿ ಪಾಪ," ಎಂದಳು. ಸೈದಪ್ಪ ಮಡಕೆಯಿಂದ ಸ್ಟೀಲಿನ ಲೋಟ ತುಂಬಿ ತಂದ. ಕಸ್ತೂರಿಬಾಯಿ ಎರಡೂ ಕೈ ಕೂಡಿಸಿ ಬೊಗಸೆ ಒಡ್ಡಿದಳು. ನಲವತ್ತೈದು ವರ್ಷದ ಅಭ್ಯಾಸ. ದೊಡ್ಡವರ ಅಂಗಳದಲ್ಲಿ ನೀರು ಬಂದರೆ ಬೊಗಸೆಗೇ ಬರುತ್ತದೆ, ಲೋಟಕ್ಕೆ ಬರುವುದಿಲ್ಲ.

"ಅಯ್ಯ, ಲೋಟ ಹಿಡೀರಿ ಅಕ್ಕಾರ," ಎಂದು ಸೈದಪ್ಪ ನಕ್ಕ. "ಬ್ಯಾನಿಗಿ ತಲಿ ಕೆಟ್ಟದ ನಿಮ್ದು."

ಅವಳು ಲೋಟ ಹಿಡಿದಳು. ತುಟಿ ಹಚ್ಚಿ ಕುಡಿದಳು. ಸೈದಪ್ಪನ ಬೆರಳು ಅವಳ ಬೆರಳಿಗೆ ತಾಗಿತು, ಅವನು ಕೈ ಎಳೆದುಕೊಳ್ಳಲಿಲ್ಲ. ಇಲ್ಲಿ ಒಂದು ಮಾತು ಹೇಳಲೇಬೇಕು. ಕಸ್ತೂರಿಬಾಯಿಗೆ ಅದು ಹಿತವಾಯಿತು. ಕುರ್ಚಿ ಹಿತವಾಯಿತು, ಫ್ಯಾನಿನ ಗಾಳಿ ಹಿತವಾಯಿತು, ‘ಅಕ್ಕಾರ’ ಎಂದದ್ದು ಎಲ್ಲಕ್ಕಿಂತ ಹಿತವಾಯಿತು. ಹಿತವಾದದ್ದು ಗೊತ್ತಾದ ಕೂಡಲೇ ಮುಖ ಬಿಸಿಯಾಯಿತು. ನೆಲ ನೋಡುತ್ತ ಕೂತಳು.

ನರ್ಸ್ ಗುಲಫಶಾ ಬಿ.ಪಿ. ನೋಡಲು ಸೆರಗು ಸರಿಸಿದಳು. ಮುಂಗೈ ಮೇಲೆ ಹಸಿರು ಹಚ್ಚೆ ಇತ್ತು. ಹದಿನಾರನೆಯ ವರ್ಷ, ಕೊಳಕೂರಿನ ಓಣಿಯಲ್ಲಿ ಏಪ್ರಿಲ್ ಹದಿನಾಲ್ಕರ ಮೆರವಣಿಗೆಯ ದಿನ ಹಾಕಿಸಿಕೊಂಡದ್ದು. ಜೈಭೀಮ ಎಂದು ಬರೆದಿತ್ತು. ಗುಲಫಶಾ ಹಚ್ಚೆ ನೋಡಿದಳು. ಕಾರ್ಡು ನೋಡಿದಳು. ಪಟ್ಟಿ ಕಟ್ಟಿ ಗಾಳಿ ತುಂಬಿದಳು, ಬಿಚ್ಚಿದಳು, ತಾನೇ ಸೆರಗು ಎಳೆದು ಕೈ ಮುಚ್ಚಿದಳು.

"ಆತ್ರಿ, ಕೈ ಸಡಿಲ ಬಿಡ್ರಿ," ಎಂದಳು.

ಡಾಕ್ಟರು ಚಿಕ್ಕ ವಯಸ್ಸಿನವಳು. ಬಾಯಿ ತೆರೆಸಿ ಲೈಟು ಬಿಟ್ಟು ಮುಖ ಕಿವುಚಿದಳು.

"ಮಿಶ್ರಿ ತಿಕ್ತೀರೇನು? ದೊಡ್ಡ ಮನಿಯವ್ರು ನೀವು. ಪುಕ್ಕಟ ದವಾಖಾನಿ ಇಟ್ಕೊಂಡು ಹಲ್ಲು ಹಿಂಗ ಹಾಳ್ ಮಾಡ್ಕೊಂತಾರೇನ್ರಿ? ನಮಗ ಬರೇ ಕಬ್ಬ ಕಡಿಯೋರ ಬಾಯಿ ಹಿಂಗಿರ್ತದ ಅಂತ ಗೊತ್ತಿತ್ತು."

ಕಸ್ತೂರಿಬಾಯಿ ತೆರೆದ ಬಾಯಿಯಲ್ಲೇ ಕೇಳಿಸಿಕೊಂಡಳು. ಸೂಜಿ ಒಸಡಿಗೆ ಇಳಿಯಿತು. ಕಣ್ಣೀರು ಬಂತು. ಸೂಜಿಗೆ ಬಂತು ಎಂದು ಡಾಕ್ಟರು ತಿಳಿದಳು.

"ಹತ್ತು ನಿಮಿಷ ಹೊರಗ ಕೂಡ್ರಿ. ದವಡಿ ಜೋಮು ಹಿಡಿಬೇಕು. ಹಿಡಿದ್ರ ಎರಡು ತಾಸು ಇರ್ತದ."

ಹೊರಗೆ ಬಂದು ಕುರ್ಚಿಯಲ್ಲಿ ಕೂತಳು. ತುಟಿ ದಪ್ಪಗಾಯಿತು. ನಾಲಿಗೆಯ ಒಂದು ಬದಿ ಸತ್ತಿತು. ಹನ್ನೊಂದು ದಿನದಲ್ಲಿ ಮೊದಲ ಸಲ ಹಲ್ಲು ಸುಮ್ಮನಾಯಿತು. ನೋವಿಲ್ಲದೆ ಇರುವುದು ಹೇಗಿರುತ್ತದೆ ಎಂಬುದೇ ಮರೆತುಹೋಗಿತ್ತು. ಇನ್ನು ಐದು ನಿಮಿಷ ಕೂತರೆ ಸಾಕು, ಹಲ್ಲು ಹೋಗುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಅಷ್ಟೇ ಬೇಕಾಗಿತ್ತು ಅವಳಿಗೆ.

ಆಗ ಹೊರಗೆ ಒಂದು ಟ್ರ್ಯಾಕ್ಟರ್ ನಿಂತಿತು. ಕಬ್ಬು ಸಾಗಿಸುವ ಡ್ರೈವರ್ ಶರಫುದ್ದೀನ ಒಬ್ಬ ಹೆಂಗಸನ್ನು ಇಳಿಸಿ, "ಸೈದಪ್ಪಾ, ಇಕಿ ಕೈ ನೋಡಪಾ, ರಕ್ತ ನಿಲ್ಲವಲ್ದು," ಎಂದು ಕೂಗಿ ಹೇಳಿ, ಹಿಂದಿನ ಗಾಡಿಗಳು ಹಾರ್ನ್ ಹೊಡೆದದ್ದಕ್ಕೆ ಗೇಟಿನ ಹೊರಗಿನ ಕಾಟಾದ ಸಾಲಿಗೆ ವಾಪಸು ಹೋದ.

ಅವಳು ಸಾಬಮ್ಮ. ಎಡಗೈಗೆ ಸೆರಗು ಸುತ್ತಿಕೊಂಡು ಎದೆಗೆ ಒತ್ತಿ ಹಿಡಿದಿದ್ದಳು. ಸೆರಗು ನೆನೆದು ಮೊಳಕೈಯಿಂದ ಹನಿ ಬೀಳುತ್ತಿತ್ತು. ಎರಡು ಕೊಯ್ತಾದ ಕಬ್ಬು ಒಬ್ಬಳೇ ಗಡಿಬಿಡಿಯಲ್ಲಿ ಸವರುವಾಗ ಏಟು ತಪ್ಪಿ ಅಂಗೈಗೆ ಬಿದ್ದಿತ್ತು.

"ಕಾರ್ಡ್ ಎಲ್ಲದ?" ಸೈದಪ್ಪ ಕೇಳಿದ.

"ಕಾರ್ಡ್ ಇಲ್ರಿ. ಕಬ್ಬ ಕಡ್ಯಾಕ ಬಂದೇವಿ. ದೌಲತರಾಯರ ಹೊಲದಾಗ."

"ಕಾರ್ಡ್ ಇಲ್ದವ್ರಿಗಿ ಇಲ್ಲಿ ನೋಡಂಗಿಲ್ಲ. ಮೆಟ್ಟಲ ಹತ್ತಬ್ಯಾಡ, ರಕ್ತ ಬೀಳಾಕತ್ತದ." ಹಾಗೆಂದವನು ಏನೋ ನೆನಪಾಗಿ ಒಳಗೆ ತಿರುಗಿದ. "ಅಕ್ಕಾರ, ನಿಮ್ಮ ಹೊಲದಾಕಿ ಅಂತಾಳ. ಗೊತ್ತೇನ್ರಿ ನಿಮಗ?"

ಕಸ್ತೂರಿಬಾಯಿ ತಲೆ ಎತ್ತಿದಳು. ಸಾಬಮ್ಮ ಬಾಗಿಲಿನಿಂದ ಅವಳನ್ನು ನೋಡಿದಳು. ಮೊದಲು ಸೀರೆ ನೋಡಿದಳು, ಆಮೇಲೆ ಕುಂಕುಮ, ಆಮೇಲೆ ಬಾತ ಕೆನ್ನೆ. ಬಾಯಿ ತುಸು ತೆರೆಯಿತು.

"ಗೊತ್ತಿಲ್ರಿ," ಎಂದಳು ಕಸ್ತೂರಿಬಾಯಿ.

ನಾಲಿಗೆ ಅರ್ಧ ಸತ್ತಿತ್ತು. ಬೇರೆ ಯಾವ ಮಾತನ್ನೂ ಆಡಲಾಗುತ್ತಿರಲಿಲ್ಲ. ಆ ಮಾತು ಮಾತ್ರ ಸರಿಯಾಗಿ ಹೊರಬಿತ್ತು.

ಸೈದಪ್ಪ ಸಾಬಮ್ಮನ ಕಡೆ ತಿರುಗಿದ. "ಕೇಳಿದೇನು? ಅವ್ರಿಗೇ ಗೊತ್ತಿಲ್ಲ. ಸುಳ್ಳ ಹೇಳ್ತೀ?"

ಸಾಬಮ್ಮ ಕಸ್ತೂರಿಬಾಯಿಯ ಕಡೆಯಿಂದ ಕಣ್ಣು ತೆಗೆದಳು.

"ಅವ್ರಿಗಿ ಹೆಂಗ್ ಗೊತ್ತಿರ್ತದ್ರಿ," ಎಂದಳು. "ಅಕ್ಕಾರು ಹೊಲದ ಕಡಿ ಬರಂಗಿಲ್ಲ. ನಾನೂ ಅವ್ರನ್ನ ಇವತ್ತs ನೋಡಿದ್ದು."

ಮಾತು ಮುಗಿಯುವುದಕ್ಕೂ ಒಳಗಿಂದ "ಮಹಾನಂದಾ" ಎಂದು ಕರೆಯುವುದಕ್ಕೂ ಸರಿಹೋಯಿತು. ಕಸ್ತೂರಿಬಾಯಿ ಎದ್ದಳು. ಕಾಲುಗಳು ಒಳಗೆ ನಡೆದವು. ಕಾಲುಗಳನ್ನು ಬೈಯಬೇಕೋ ಹಲ್ಲನ್ನು ಬೈಯಬೇಕೋ, ಈ ಕಥೆ ಹೇಳುವವನಿಗೆ ಇಂದಿಗೂ ಬಗೆಹರಿದಿಲ್ಲ. ಎರಡೂ ಅವಳವೇ. ಒಳಗೆ ಹೋಗಿ ಡಾಕ್ಟರ ಕುರ್ಚಿಯಲ್ಲಿ ಒರಗಿದಳು. ಬಾಯಿ ತೆರೆದಳು.

ಡಾಕ್ಟರು ಹಲ್ಲಿನ ಬುಡಕ್ಕೆ ಕಬ್ಬಿಣದ ಮೊನೆ ತೂರಿಸಿ ತಿರುವಿದಳು. ನೋವಿರಲಿಲ್ಲ, ಸದ್ದು ಮಾತ್ರ ಕಿವಿಯೊಳಗೆ ಕೇಳುತ್ತಿತ್ತು. ಕರಕರ ಎನ್ನುತ್ತ ಬೇರು ಎಲುಬು ಬಿಡುತ್ತಿತ್ತು. "ಬಂತು, ಬಂತು, ಸಡಿಲ ಆತು," ಎಂದಳು ಡಾಕ್ಟರು. ಇಕ್ಕಳಕ್ಕೆ ಕೈ ಚಾಚಿದಳು.

ಹೊರಗೆ ಸೈದಪ್ಪನ ದನಿ ಕೇಳಿತು.

"ಎಲ್ಲಿ ಹೊಂಟಿ? ಮೆಟ್ಟಲೆಲ್ಲ ಹೊಲಸ ಮಾಡೀದಿ, ತೊಳದು ಹೋಗು. ಅಲ್ಲಿ ಬಕೀಟು ಅದ, ಅರಿಬಿ ಅದ."

ಬಕೀಟು ಎಳೆದ ಸದ್ದು. ಆಮೇಲೆ ಒದ್ದೆ ಅರಿವೆ ಕಲ್ಲಿಗೆ ತಿಕ್ಕುವ ಸದ್ದು. ನಿಲ್ಲುತ್ತಿತ್ತು, ಮತ್ತೆ ಕೇಳುತ್ತಿತ್ತು. ಒಂದೇ ಕೈಯಲ್ಲಿ ಒರೆಸಿದರೆ ಹಾಗೆಯೇ ಕೇಳುತ್ತದೆ. ಅರಿವೆ ಹಿಂಡಲು ಎರಡು ಕೈ ಬೇಕು.

ಕಸ್ತೂರಿಬಾಯಿ ಡಾಕ್ಟರ ಮುಂಗೈ ಹಿಡಿದಳು.

"ಏನಾತ್ರಿ? ನೋಯ್ತೇನು?"

ಅವಳು ತಲೆ ಅಲ್ಲಾಡಿಸಿದಳು. ಕುರ್ಚಿಯಿಂದ ಇಳಿದಳು. ಇಕ್ಕಳ ಹಿಡಿದ ಡಾಕ್ಟರು ಹಾಗೆಯೇ ನಿಂತಳು.

ಸಾಬಮ್ಮ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ತನ್ನ ರಕ್ತವನ್ನು ತಾನೇ ಒರೆಸುತ್ತಿದ್ದಳು. ಒರೆಸಿದ ಜಾಗದ ಮೇಲೆ ಮತ್ತೆ ಹನಿ ಬೀಳುತ್ತಿತ್ತು. ಕಸ್ತೂರಿಬಾಯಿ ಅವಳ ಕೈಯಿಂದ ಅರಿವೆ ಕಿತ್ತು ಬಕೀಟಿಗೆ ಒಗೆದಳು. ಸೈದಪ್ಪನ ಎದುರು ನಿಂತು ಮಾತಾಡಿದಳು. ಬಾಯಿಂದ ಮಾತಿಗಿಂತ ಮೊದಲು ಕೆಂಪು ಜೊಲ್ಲು ಬಂದು ಹಸಿರು ಸೀರೆಯ ಮೇಲೆ ಬಿತ್ತು. ದಪ್ಪ ತುಟಿಯಲ್ಲಿ ಅಕ್ಷರಗಳೆಲ್ಲ ಕಲಸಿಹೋದವು.

"ಏನಂದ್ರಿ ಅಕ್ಕಾರ? ತಿಳೀಲಿಲ್ಲ."

ಮತ್ತೆ ಹೇಳಿದಳು. ಮತ್ತೆ ಕಲಸಿಹೋಯಿತು. ಒಳಗಿಂದ ಬಂದ ಗುಲಫಶಾ ಬಾಗಿಲಲ್ಲಿ ನಿಂತು ಅದನ್ನೇ ಬಿಡಿಸಿ ಹೇಳಿದಳು.

"ಇಕಿ ಮಹಾನಂದಾ ಅಲ್ಲಂತ್ರಿ. ಕಸ್ತೂರಿಬಾಯಿ ಅಂತ. ಕೊಳಕೂರಾಕಿ, ಕಬ್ಬ ಕಡ್ಯಾಕಿ. ಆಕಿ ಸಾಬಮ್ಮ ಅಂತ, ಆಕಿ ಚಲೋ ಗೊತ್ತಂತ. ಮೊದಲ ಆಕಿ ಕೈಗಿ ಪಟ್ಟಿ ಕಟ್ರಿ ಅಂತಾಳ."

ಕಸ್ತೂರಿಬಾಯಿ ಹೌದೆಂದು ತಲೆ ಹಾಕಿದಳು. ಪಕ್ಕದ ಕುರ್ಚಿಯ ಹೆಂಗಸು ಎದ್ದು ಗೋಡೆಗೆ ಹೋಗಿ ನಿಂತಳು. ಸೈದಪ್ಪ ತಾನು ನೀರು ಕೊಟ್ಟ ಲೋಟದ ಕಡೆ ನೋಡಿದ. ಅದೇ ಮುಖ, ಅದೇ ಸೀರೆ, ಅದೇ ಬಾವು. ‘ಅಕ್ಕಾರ’ ಮಾತ್ರ ಒಂದೇ ಉಸಿರಿನಲ್ಲಿ ಮಾಯವಾಯಿತು.

"ಎಷ್ಟ್ ಸೊಕ್ಕಬೇ ನಿಂಗ. ಕುರ್ಚಿ ಮ್ಯಾಲ ಕುಂತು ನನ್ನ ಕೈಲಿಂದ ನೀರ್ ಕುಡಿತಿ? ಇಳಿ ಕೆಳಗ."

ಕಸ್ತೂರಿಬಾಯಿ ಇಳಿಯಲಿಲ್ಲ. ಸಾಬಮ್ಮನ ರಟ್ಟೆ ಹಿಡಿದು ಮೇಲೆ ತಂದಳು. ಇಬ್ಬರೂ ಹೊಸ್ತಿಲ ಮೇಲೆ ಕೂತರು. ಒಳಗಿದ್ದವರು ಹೊರಗೆ ಹೋಗುವಂತಿಲ್ಲ, ಹೊರಗಿದ್ದವರು ಒಳಗೆ ಬರುವಂತಿಲ್ಲ. ದಾಟಬೇಕೆಂದರೆ ಇವರನ್ನು ಮುಟ್ಟಬೇಕು. ಯಾರೂ ಮುಟ್ಟಲು ಮುಂದಾಗಲಿಲ್ಲ. ಅದು ಆ ದಿನ ಅವರ ಉಪಯೋಗಕ್ಕೆ ಬಂತು.

ಡಾಕ್ಟರು ಬಾಗಿಲಿಗೆ ಬಂದಳು. "ಸೈದಪ್ಪ, ಹಲ್ಲು ಅರ್ಧ ಕಿತ್ತದ, ಹಂಗ ಬಿಡಾಕ ಬರಂಗಿಲ್ಲ."

"ಕಾರ್ಡ್ ಇಲ್ರಿ ಮೇಡಂ. ನಾಳಿ ನಿಮ್ಮ ಮ್ಯಾಲೂ ಬರ್ತದ, ನನ್ನ ಮ್ಯಾಲೂ ಬರ್ತದ."

ಡಾಕ್ಟರು ಇಕ್ಕಳ ಹಿಡಿದುಕೊಂಡೇ ಒಳಗೆ ಹೋದಳು. ಅವಳು ಕೆಟ್ಟವಳಲ್ಲ. ಅವಳು ಕೆಟ್ಟವಳಲ್ಲದ್ದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಸೈದಪ್ಪ ಫೋನು ಮಾಡಿದ. ಕಾಟಾದಿಂದ ದೌಲತರಾಯ ಮೋಟರ್ ಸೈಕಲ್ ಮೇಲೆ ಬಂದ. ಹೊಸ್ತಿಲ ಮೇಲೆ ತನ್ನ ಹೆಂಡತಿಯ ಸೀರೆ ಕೂತಿರುವುದನ್ನು ನೋಡಿದ. ಸುತ್ತ ನಿಂತ ಜನರನ್ನು ನೋಡಿದ.

"ಕಾರ್ಡ್ ಕದ್ದಾಳ ಇಕಿ," ಎಂದ. "ಮನಿ ಹಿತ್ತಲದಾಗ ಬಂದಾಗ ಕದ್ದಾಳ."

ಕಸ್ತೂರಿಬಾಯಿ ನಾಲಿಗೆಯನ್ನು ಹಲ್ಲಿಗೆ ಒತ್ತಿ ಒಂದೊಂದೇ ಮಾತು ಹೊರಗೆ ತಂದಳು. ಈ ಸಲ ಗುಲಫಶಾ ಬಿಡಿಸಿ ಹೇಳಬೇಕಾಗಲಿಲ್ಲ.

"ಕದ್ದಿಲ್ಲ. ಅಕ್ಕಾರು ಕೊಟ್ಟಾರ. ಸೀರಿನೂ ಅವ್ರs ಕೊಟ್ಟಾರ. ನಿಮ್ಮ ಕಬ್ಬು ನಿಂತಾವ ಅಂತ ಕೊಟ್ಟಾರ. ಇಸ್ಗೊಂಡದ್ದು ನನ್ನ ತಪ್ಪು. ಫೋನ್ ಹಚ್ಚಿ ಕೇಳ್ರಿ, ಎಲ್ಲಾರ ಮುಂದ."

ದೌಲತರಾಯ ಫೋನು ಹಚ್ಚಲಿಲ್ಲ. ಹೆಂಡತಿಗೆ ಏನಾಗುತ್ತದೆ ಎಂದು ಕಸ್ತೂರಿಬಾಯಿಗೂ ಅಂಜಿಕೆಯಿತ್ತು. ಮನೆಯಲ್ಲಿ ಇವತ್ತು ಮಹಾನಂದಾಳಿಗೆ ಬೈಗುಳು ಬೀಳುತ್ತವೆ, ಹೊಡೆತವೂ ಬೀಳಬಹುದು. ಆದರೆ ಕಳ್ಳಿ ಎಂದು ಹೆಸರು ಹೊತ್ತು ಏಳುವುದಕ್ಕೆ ಅವಳು ತಯಾರಿರಲಿಲ್ಲ. ಒಂದು ದಿನಕ್ಕೆ ಒಂದು ಸುಳ್ಳು ಹೆಸರು ಸಾಕಾಗಿತ್ತು.

ಜನ ಹೆಚ್ಚಾದರು. ಕಾಟಾದ ಸಾಲಿನಲ್ಲಿದ್ದ ಡ್ರೈವರುಗಳು ಇಳಿದು ಬಂದು ನಿಂತರು. ದೌಲತರಾಯನಿಗೆ ಈ ತಮಾಷೆ ಬೇಗ ಮುಗಿಯಬೇಕಾಗಿತ್ತು.

"ಆಕಿ ಕೈಗಿ ಪಟ್ಟಿ ಕಟ್ಟಿ ಇವ್ರನ್ನ ಹೊರಗ ಹಾಕ್ರಿ. ಹಲ್ಲೂ ಇಲ್ಲ, ಗಿಲ್ಲೂ ಇಲ್ಲ. ನಾಳಿಂದ ಗಂಡ ಹೆಂಡ್ತಿ ಇಬ್ರೂ ನನ್ನ ಹೊಲದಾಗ ಕಾಲಿಟ್ಟೀರಿ ನೋಡ್ರಿ." ಕಾರ್ಡು ಇಸಕೊಂಡು ಅಂಗಿಯ ಕಿಸೆಗೆ ಹಾಕಿಕೊಂಡು ಹೋದ.

ಗುಲಫಶಾ ಹೊಸ್ತಿಲಲ್ಲೇ ಕೂತು ಸಾಬಮ್ಮನ ಅಂಗೈ ತೊಳೆದಳು. ಒಳಗೆ ಬಿಳಿ ಕಾಣುತ್ತಿತ್ತು. ಔಷಧಿ ಸುರಿದು ಬಿಗಿಯಾಗಿ ಪಟ್ಟಿ ಸುತ್ತಿದಳು. ಸಾಬಮ್ಮ ಹಲ್ಲು ಕಚ್ಚಿ ಎದುರಿನ ಕಾರ್ಖಾನೆಯ ಹೊಗೆ ನೋಡುತ್ತಿದ್ದಳು. ಕಸ್ತೂರಿಬಾಯಿಯ ಕಡೆ ನೋಡಲಿಲ್ಲ.

ಇಬ್ಬರೂ ಗೇಟಿನ ಹೊರಗೆ ಬಂದರು. ಹಲ್ಲು ಬಾಯಲ್ಲಿ ಅಲ್ಲಾಡುತ್ತಿತ್ತು. ಬಾಯಿ ಮುಚ್ಚಿದರೆ ಮೇಲಿನ ಹಲ್ಲಿಗೆ ತಾಗಿ ಓರೆಯಾಗುತ್ತಿತ್ತು. ಸಾಬಮ್ಮ ನಿಂತಳು.

"ಜೋಮು ಎಷ್ಟೊತ್ತು ಇರ್ತದಂತ?"

ಕಸ್ತೂರಿಬಾಯಿ ಒಂದು ಬೆರಳು ತೋರಿಸಿದಳು. ಒಂದು ತಾಸು.

ಸಾಬಮ್ಮ ಸಾಲಿನಲ್ಲಿದ್ದ ಶರಫುದ್ದೀನನ ಟ್ರ್ಯಾಕ್ಟರಿನ ಹತ್ತಿರ ಹೋದಳು. "ಭಾವು, ಪಕ್ಕಡ ಅದೇನು?"

ಶರಫುದ್ದೀನ ಸೀಟಿನ ಕೆಳಗಿನ ಡಬ್ಬಿಯಿಂದ ಪಕ್ಕಡ ತೆಗೆದ. ತಂತಿ ಹಿಡಿದು ತಿರುವುವ ಪಕ್ಕಡ, ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿತ್ತು. ಯಾಕೆಂದು ಗೊತ್ತಾದ ಮೇಲೆ ವಾಪಸು ಡಬ್ಬಿಗೆ ಹಾಕಲು ಹೋದ.

"ನಾ ನಟ್ಟು ಬಿಚ್ಚಾಂವ ಬೇ. ಹಲ್ಲು ಗಿಲ್ಲು ನನಗ ಬರಂಗಿಲ್ಲ."

"ಡಾಕ್ಟರ್ ಮುಕ್ಕಾಲ್ ಬಿಚ್ಚ್ಯಾಳ. ಉಳದದ್ದು ಒಂದು ಎಳತ. ಸೂಜಿ ಅವ್ರದು, ಹಲ್ಲು ನಮ್ಮದು. ಜೋಮು ಇಳದ್ರ ಸೂಜಿನೂ ಹಾಳು. ನಂದು ಒಂದs ಕೈ ಅದ, ಇಲ್ಲಂದ್ರ ನಾನs ಕೀಳ್ತಿದ್ದೆ."

ಶರಫುದ್ದೀನ ಗೇಟಿನೆದುರಿನ ಚಹಾ ಅಂಗಡಿಯಲ್ಲಿ ಕುದಿಯುವ ನೀರಿಗೆ ಪಕ್ಕಡ ಅದ್ದಿದ. ಎರಡು ಸಲ ಅದ್ದಿದ. ಕಸ್ತೂರಿಬಾಯಿ ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತಳು. ಸಾಬಮ್ಮ ಹಿಂದಿನಿಂದ ಬಂದು ಒಳ್ಳೆಯ ಕೈಯ ತೋಳಲ್ಲಿ ಅವಳ ತಲೆಯನ್ನು ಎದೆಗೆ ಬಿಗಿದು ಹಿಡಿದಳು. ಕಸ್ತೂರಿಬಾಯಿಯ ಕಿವಿಗೆ ಸಾಬಮ್ಮನ ಎದೆ ಬಡಿಯುವುದು ಕೇಳಿತು. ಇವಳು ನನ್ನ ಹಲ್ಲಿಗಾಗಿ ಕೈ ಕೊಯ್ದುಕೊಂಡವಳು. ಇವಳನ್ನೇ ಗೊತ್ತಿಲ್ಲ ಎಂದೆನಲ್ಲ. ಅಲ್ಲೇ ಸತ್ತುಹೋಗಬೇಕು ಎನ್ನುವಷ್ಟು ನಾಚಿಕೆಯಾಯಿತು.

"ಸಾಬಿ," ಎಂದಳು. "ನಾ ಗೊತ್ತಿಲ್ಲ ಅಂದೆ."

"ಕೇಳಿಸ್ತು. ನಾ ಅಲ್ಲೇ ಇದ್ದೆ."

"ಸಾಬಿ..."

"ಹೊಟ್ಟಿಯೊಳಗ ಬೆಂಕಿ ಬಿದ್ದದ ನನಗ. ಈಗ ಬ್ಯಾಡ, ಆಮ್ಯಾಲ ಬಯ್ತೇನಿ. ಬಾಯಿ ತೆಗಿ."

ಶರಫುದ್ದೀನ ಬಿಸ್ಮಿಲ್ಲಾ ಎಂದು ಪಕ್ಕಡ ಒಳಗಿಟ್ಟ. ಮೊದಲ ಸಲ ಜಾರಿತು. ಎರಡನೆಯ ಸಲ ಹಿಡಿಯಿತು. ಸಾಬಮ್ಮ ತೋಳು ಸಡಿಲ ಬಿಡಲಿಲ್ಲ. ಜೋಮು ಅಷ್ಟು ಆಳಕ್ಕೆ ಇಳಿದಿರಲಿಲ್ಲ, ಕೊನೆಯ ಎಳೆತಕ್ಕೆ ನೋವು ಕಿವಿಯಿಂದ ಕುತ್ತಿಗೆಗೆ ಇಳಿದು ಕಾಲ ಬೆರಳಿಗೆ ಮುಟ್ಟಿತು. ಹಲ್ಲು ಬಂತು. ಎರಡು ಬೇರು, ಒಂದಕ್ಕೆ ಕೀವಿನ ಗಂಟು. ಶರಫುದ್ದೀನ ಅದನ್ನು ನೋಡಿ ಪಕ್ಕಡದ ಸಮೇತ ನೆಲಕ್ಕೆ ಒಗೆದು, ಗಾಡಿಯ ಆ ಬದಿಗೆ ಹೋಗಿ ವಾಂತಿ ಮಾಡಿದ.

ಸಾಬಮ್ಮ ಹಸಿರು ಸೀರೆಯ ಸೆರಗನ್ನು ಹಲ್ಲಿನಿಂದ ಕಚ್ಚಿ ಹರಿದಳು. ಆ ತುಂಡನ್ನು ಸುತ್ತಿ ಕಸ್ತೂರಿಬಾಯಿಯ ಬಾಯಿಗೆ ತುರುಕಿದಳು. ಟ್ರ್ಯಾಕ್ಟರು ಸಾಲಿನಲ್ಲೇ ನಿಲ್ಲಬೇಕಾಗಿತ್ತು, ಖಾಲಿಯಾಗಲು ಸಂಜೆಯಾಗುತ್ತಿತ್ತು. ಇಬ್ಬರೂ ನಡೆದೇ ಹೊರಟರು.

ಜೋಪಡಿಗಳಿಗೆ ಆರು ಕಿಲೋಮೀಟರು ದಾರಿ. ಮೊದಲ ಒಂದು ಕಿಲೋಮೀಟರು ಸಾಬಮ್ಮ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಹಿಡಿದು ಬಿರಬಿರನೆ ನಡೆದಳು. ಆಮೇಲೆ ಬೈಯಲು ಶುರು ಮಾಡಿದಳು. ದಾರಿಹೋಕರು ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ ಬೈದಳು. "ಕಸ್ತೂರಿ, ನಿನ್ನ ಹೆಣಾ ಎತ್ತಲಿ. ಕಸ್ತೂರಿ, ನಿನ್ನ ಸಲುವಾಗಿ ಎರಡು ಪಾಲು ಸವರಿದ್ನಲ್ಲ ನಾನು. ಕುರ್ಚಿ ಅಷ್ಟು ಮೆತ್ತಗಿತ್ತೇನ ಕಸ್ತೂರಿ? ನನ್ನ ಮಾರಿ ನೋಡಿ ಗೊತ್ತಿಲ್ಲ ಅಂದ್ಯಲ್ಲ, ನಿನ್ನ ಹಡದಾಕಿಗೂ ಹಂಗ ಅಂತಿದ್ದೇನು ಕಸ್ತೂರಿ?" ಉಸಿರು ಹಿಡಿಯಲು ನಿಲ್ಲುತ್ತಿದ್ದಳು, ಮತ್ತೆ ಹೆಸರು ಹಿಡಿದು ಶುರು ಮಾಡುತ್ತಿದ್ದಳು. ಒಂದು ಬೈಗುಳವನ್ನೂ ಹೆಸರಿಲ್ಲದೆ ಬೈಯಲಿಲ್ಲ.

ಕಸ್ತೂರಿಬಾಯಿ ಒಂದು ಹೆಜ್ಜೆ ಹಿಂದೆ ನಡೆಯುತ್ತಿದ್ದಳು. ಬಾಯಿ ತುಂಬ ಬಟ್ಟೆಯಿತ್ತು, ಬಟ್ಟೆಯ ತುಂಬ ರಕ್ತವಿತ್ತು. ತನ್ನ ಹೆಸರು ಕೇಳಿದಾಗೊಮ್ಮೆ, ದಾರಿಯುದ್ದಕ್ಕೂ, ಅವಳು ಹೂಂ ಎಂದಳು.